ಪಡಿತರ ಚೀಟಿಯಲ್ಲಿ ಐದನೆಯ ಹೆಸರು

ಬನಹಟ್ಟಿಯ ನೇಕಾರರ ಓಣಿಯಲ್ಲಿ ನೀಲಕಂಠನ ಸುದ್ದಿ ಬಂದರೆ ಜನ ಮೊದಲು ಆಡುವುದು ಅವನ ಪಗಾರದ ಮಾತು. ಮುಧೋಳದ ಕಡೆಗಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅವನು ಚೀಫ್ ಕೆಮಿಸ್ಟ್. ಹೆಂಡತಿ ನಂದಾ ಜಮಖಂಡಿಯ ಸರಕಾರಿ ಹೈಸ್ಕೂಲಿನಲ್ಲಿ ಟೀಚರು. ಇಬ್ಬರದೂ ಕೂಡಿದರೆ ತಿಂಗಳಿಗೆ ಎರಡು ಲಕ್ಷದ ಮೇಲಾಗುತ್ತದೆ. ಓಣಿಯಲ್ಲಿ ಅದು ಮೂರು ಲಕ್ಷವಾಗಿತ್ತು, ಕೆಲವರ ಬಾಯಲ್ಲಿ ನಾಲ್ಕು. ನೀಲಕಂಠ ಅದನ್ನು ತಿದ್ದುವ ಗೊಡವೆಗೆ ಹೋಗುತ್ತಿರಲಿಲ್ಲ. ಹಿಂದೊಮ್ಮೆ ಯಾರದೋ ಮದುವೆಯ ಪಂಗತಿಯಲ್ಲಿ ತಿದ್ದಲು ಹೋದಾಗ ಪಕ್ಕದವನು ನಕ್ಕು, "ಅಂಜಬ್ಯಾಡ್ರಿ ಸಾಹೇಬ್ರ, ನಾವೇನು ಕೇಳಾಕ ಬಂದಿಲ್ಲ" ಅಂದಿದ್ದ. ಅಂದಿನಿಂದ ಅವನು ಆ ಮಾತು ಬಂದರೆ ಸುಮ್ಮನೆ ಉಣ್ಣುತ್ತಿದ್ದ.

ಓಣಿಯವರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಪಗಾರ ಅವನ ಮನೆಯಲ್ಲಿ ಒಂದು ವಾರವೂ ನಿಲ್ಲುತ್ತಿರಲಿಲ್ಲ. ಟ್ಯಾಕ್ಸು, ಪಿಎಫ್ ಹಿಡಿದುಕೊಂಡೇ ಕಾರ್ಖಾನೆ ಕೊಡುತ್ತಿತ್ತು. ಐದನೇ ತಾರೀಖಿಗೆ ಮನೆಯ ಸಾಲದ ಕಂತು, ಏಳಕ್ಕೆ ಕಾರಿನದು. ಕಾರು ಶೋಕಿಗೆ ಕೊಂಡದ್ದಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ ಯಾವ ಹೊತ್ತಿಗೆ ಕಾರ್ಖಾನೆಯಿಂದ ಕರೆ ಬರುವುದೋ ಹೇಳಲಾಗದು, ಜಮಖಂಡಿಯಿಂದ ಅಲ್ಲಿಗೆ ಬಸ್ಸನ್ನು ನಂಬಿ ಕೂಡುವಂತಿರಲಿಲ್ಲ. ಇದೆಲ್ಲದರ ಮೇಲೆ ಮಗಳು ಸುಪ್ರೀತಾಳ ಮೆಡಿಕಲ್ ಕಾಲೇಜಿನ ಫೀ. ಸರಕಾರಿ ಸೀಟು ಸ್ವಲ್ಪದರಲ್ಲಿ ತಪ್ಪಿದಾಗ ಬಂದು ಹೋದವರೆಲ್ಲ "ನಿಮಗೇನು ಕಮ್ಮಿ ಐತ್ರಿ, ಪೇಮೆಂಟ್ ಸೀಟು ಹಿಡೀರಿ" ಅಂದಿದ್ದರು. ಹಿಡಿದರು. ಆಗಿನಿಂದ ಗಂಡ ಹೆಂಡತಿ ಇಬ್ಬರೂ ಹೊಸ ಚಪ್ಪಲಿ ಕೊಳ್ಳುವ ಮುಂಚೆ ಒಬ್ಬರಿಗೊಬ್ಬರು ಹೇಳಿಕೊಳ್ಳುವ ರೂಢಿ ಬಂದಿತ್ತು.

ನೀಲಕಂಠನಿಗಿಂತ ಎಂಟು ವರ್ಷ ದೊಡ್ಡವನು ಅಣ್ಣ ಅಂದಾನೆಪ್ಪ. ತಂದೆ ತೀರಿಕೊಂಡಾಗ ಅವನು ಒಂಬತ್ತನೆಯ ಇಯತ್ತೆ ಬಿಟ್ಟು ಮಗ್ಗಕ್ಕೆ ಕೂತವನು. ತಮ್ಮನನ್ನು ಎಂ.ಎಸ್ಸಿ.ವರೆಗೆ ಓದಿಸಿದ. ಕೈಮಗ್ಗ ಹೋಗಿ ಪಾವರ್‌ಲೂಮು ಬಂತು; ಒಂದಿದ್ದದ್ದು ಈಗ ನಾಲ್ಕಾಗಿದ್ದವು. ಸಾವಕಾರರು ಕೊಟ್ಟ ನೂಲಿನಲ್ಲಿ ಸೀರೆ ನೇಯ್ದು ಕೊಟ್ಟು ಮಜೂರಿ ತರುತ್ತಿದ್ದ. ಆ ಮಜೂರಿಯಲ್ಲಿ ಹೆಂಡತಿ ಮಹಾದೇವಿ, ಮಗ ಶುಭಂ, ಪಿಯುಸಿ ಓದುವ ಮಗಳು, ಎಲ್ಲರ ಬದುಕು ನಡೆಯುತ್ತಿತ್ತು. ಅಂದಾನೆಪ್ಪ ತಮ್ಮನ ಮುಂದೆ ಎಂದೂ ಕೈಚಾಚಿದವನಲ್ಲ. ಜಮಖಂಡಿಗೆ ಬಂದರೆ ಒಂದು ಚೀಲ ಜೋಳದ ರೊಟ್ಟಿ, ಮಹಾದೇವಿ ಕುಟ್ಟಿದ ಶೇಂಗಾ ಚಟ್ನಿ ತಾನೇ ತಂದು ಇಟ್ಟು ಹೋಗುತ್ತಿದ್ದ.

ಆ ವರ್ಷ ದಸರೆಯ ಹೊತ್ತಿಗೆ ಮಹಾದೇವಿಗೆ ದಮ್ಮು ಹತ್ತತೊಡಗಿತು. ನೀರಿನ ಕೊಡ ಎತ್ತಿದರೆ ಸಾಕು, ಬಾಗಿಲಲ್ಲೇ ಕುಳಿತುಬಿಡುತ್ತಿದ್ದಳು. ಜಮಖಂಡಿಯ ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿ, ಬಾಗಲಕೋಟೆಗೆ ಕರೆದೊಯ್ಯಲು ಹೇಳಿದರು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಎಲ್ಲ ಆದಮೇಲೆ ಗೊತ್ತಾದದ್ದು, ಹೃದಯದ ಒಂದು ಕವಾಟ ಕೆಟ್ಟಿದೆ, ಆಪರೇಷನ್ ಮಾಡಿ ಬದಲಿಸಬೇಕು ಎಂದು. ತಿಂಗಳೊಳಗೆ ಆದರೆ ಒಳ್ಳೆಯದು ಅಂದರು. ಬಿಪಿಎಲ್ ಕಾರ್ಡು ಇದ್ದವರಿಗೆ ಸರಕಾರವೇ ಖರ್ಚು ಕೊಡುತ್ತದೆಂದು ಕೇಳಿ ಅಂದಾನೆಪ್ಪನಿಗೆ ಅರ್ಧ ಜೀವ ಬಂದಂತಾಯಿತು. ಅವನ ಬಳಿ ಆ ಕಾರ್ಡಿತ್ತು.

ಆದರೆ ಆಸ್ಪತ್ರೆಯ ಕೌಂಟರಿನಲ್ಲಿದ್ದ ಹೆಣ್ಣುಮಗಳು ನಂಬರು ಒತ್ತಿ ನೋಡಿ ತಲೆ ಅಲ್ಲಾಡಿಸಿದಳು.

"ಇದು ಎಪಿಎಲ್ ಆಗೇತಲ್ರಿ ಕಾಕಾ."

"ಇಲ್ಲ ಬೇ ತಂಗಿ, ಬಿಪಿಎಲ್ ಐತಿ. ಹ್ವಾದ ತಿಂಗಳ ಅಕ್ಕಿ ತಂದೇನಿ ನಾ."

"ಈ ತಿಂಗಳ ಬದಲಿ ಆಗೇತ್ರಿ. ಎಪಿಎಲ್‌ಗೆ ನೂರಕ್ಕ ಮೂವತ್ತು ಅಷ್ಟ ಬರ್ತೇತಿ. ಉಳದದ್ದು ನೀವು ಕಟ್ಟಬೇಕು."

ಉಳಿದದ್ದು ಎಷ್ಟೆಂದು ಕೇಳಿದಾಗ ಆಕೆ ಒಂದು ಚೀಟಿಯ ಮೇಲೆ ಬರೆದುಕೊಟ್ಟಳು. ಎರಡು ಲಕ್ಷ ನಲವತ್ತು ಸಾವಿರ. ಅಂದಾನೆಪ್ಪ ಅಲ್ಲಿಂದಲೇ ತಮ್ಮನಿಗೆ ಫೋನು ಹಚ್ಚಿದ.

ಕಾರ್ಖಾನೆಯಲ್ಲಿ ಹಂಗಾಮು ಶುರುವಾಗಿ ವಾರವಾಗಿತ್ತು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಮೈಲುದ್ದ ನಿಂತಿತ್ತು. ಲ್ಯಾಬಿನಲ್ಲಿ ರಸದ ಸ್ಯಾಂಪಲ್ಲು ನೋಡುತ್ತಿದ್ದ ನೀಲಕಂಠ ಅಣ್ಣನ ಮಾತು ಕೇಳಿ, "ಏನೋ ತಪ್ಪಾಗಿರ್ತೇತಿ ಅಣ್ಣಾ. ಶನಿವಾರ ನಾನೂ ಬರ್ತೇನಿ, ತಾಲೂಕು ಕಚೇರಿಗೆ ಹೋಗಿ ಸರಿ ಮಾಡಿಸೋಣು" ಅಂದ. ದೊಡ್ಡ ಹುದ್ದೆಯವರು ಬಂದರೆ ಕೆಲಸ ಬೇಗ ಆಗುತ್ತದೆ ಎಂಬ ನಂಬಿಕೆ ಅಂದಾನೆಪ್ಪನಿಗಿತ್ತು. ಸ್ವಲ್ಪ ಮಟ್ಟಿಗೆ ನೀಲಕಂಠನಿಗೂ ಇತ್ತು.

ಶನಿವಾರ ಕಚೇರಿಯ ಗುಮಾಸ್ತ ಇಬ್ಬರಿಗೂ ಕುರ್ಚಿ ಕೊಟ್ಟು, ಸಾವಕಾಶವಾಗಿ ಕಂಪ್ಯೂಟರು ತೆರೆದ. ಒಳ್ಳೆಯ ಮನುಷ್ಯ. ಕನ್ನಡಕ ಏರಿಸಿ ಓದಿದ.

"ತಪ್ಪೇನಿಲ್ರಿ. ಈ ಕಾರ್ಡಿನ್ಯಾಗ ಒಬ್ರು ಇನ್‌ಕಮ್ ಟ್ಯಾಕ್ಸ್ ಕಟ್ಟಾವ್ರ ಅದಾರ. ಹಂಗ ಇದ್ದವೆಲ್ಲಾ ಬಿಪಿಎಲ್‌ನಿಂದ ತಗದಾರ."

"ನಮ್ಮ ಮನ್ಯಾಗ ಟ್ಯಾಕ್ಸ್ ಕಟ್ಟಾವ್ರು ಯಾರ್ರಿ?" ಅಂದಾನೆಪ್ಪ ಕೇಳಿದ. ಅವನಿಗೆ ನಗುವೇ ಬಂದಿತ್ತು.

ಗುಮಾಸ್ತ ಪರದೆಯ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದ. ಅಂದಾನೆಪ್ಪ. ಮಹಾದೇವಿ. ಶುಭಂ. ಮಗಳು. ಐದನೆಯ ಹೆಸರಿಗೆ ಬಂದು ನಿಂತ. "ನೀಲಕಂಠ. ಇವ್ರು ಯಾರ್ರಿ?"

ನೀಲಕಂಠನ ಕೈಯಲ್ಲಿ ಕಾರಿನ ಕೀಲಿಯಿತ್ತು. ಅದನ್ನು ಅವನು ಜೇಬಿಗೆ ಹಾಕಿಕೊಂಡ.

ಆ ಹೆಸರು ಅಲ್ಲಿ ಉಳಿದದ್ದು ಮೋಸದಿಂದಲ್ಲ. ನೀಲಕಂಠ ನೌಕರಿ ಹಿಡಿದು, ಮದುವೆಯಾಗಿ ಜಮಖಂಡಿಯಲ್ಲಿ ಮನೆ ಮಾಡಿದಮೇಲೆ, ಅಣ್ಣ ಹೊಸ ಕಾರ್ಡು ಮಾಡಿಸುವಾಗ ರೇಷನ್ ಅಂಗಡಿಯವನು ಕೇಳಿದ್ದ, ತಮ್ಮ ಬೇರೆ ಆಗಿದ್ದಾನಲ್ಲ, ಹೆಸರು ತೆಗೆಯಲೇ ಎಂದು. ಅಂದಾನೆಪ್ಪ ರೇಗಿದ್ದ. "ಬ್ಯಾರೆ ಆಗ್ಯಾನಂತ ಯಾರು ಹೇಳಿದ್ರು? ದೂರ ಅದಾನ ಅಷ್ಟ. ಹೆಸರು ತಗದ್ರ ಮನಿ ಒಡದಂಗ ಆಕ್ಕೈತಿ." ಮುಂದೆ ಎಷ್ಟೋ ವರ್ಷಕ್ಕೆ ಕಾರ್ಡಿನಲ್ಲಿದ್ದವರೆಲ್ಲರೂ ಹೆಬ್ಬೆಟ್ಟು ಕೊಡಬೇಕೆಂದು ಸರಕಾರದ ಆದೇಶ ಬಂದಾಗ ನೀಲಕಂಠ ಯುಗಾದಿಗೆ ಬಂದಿದ್ದ. ಅಣ್ಣ ಕರೆದ, ಅವನು ಹೋಗಿ ನಗುತ್ತ ಹೆಬ್ಬೆಟ್ಟು ಒತ್ತಿ ಬಂದ. ಬೇವುಬೆಲ್ಲ ತಿಂದು ಜಮಖಂಡಿಗೆ ಹೋದ. ಅದೊಂದು ಕೆಲಸವೆಂದು ಅವನಿಗೆ ಅನ್ನಿಸಿರಲಿಲ್ಲ. ಜಮಖಂಡಿಯ ಮನೆಗೆ ರೇಷನ್ ಕಾರ್ಡಿನ ಅಗತ್ಯವೇ ಬಿದ್ದಿರಲಿಲ್ಲವಾದ್ದರಿಂದ ಮತ್ತೆಲ್ಲೂ ಅವನ ಹೆಸರು ಇರಲಿಲ್ಲ.

"ಹೆಸರು ತಗಸ್ರಿ," ಗುಮಾಸ್ತ ಹೇಳಿದ. "ತಗದಮ್ಯಾಲ ಮತ್ತ ಬಿಪಿಎಲ್‌ಗೆ ಅರ್ಜಿ ಹಾಕ್ರಿ. ಆಸ್ಪತ್ರಿ ಕಾಗದ ಹಚ್ಚಿದ್ರ ನಾನೂ ಮುಂದ ಮಾಡ್ತೇನಿ. ಮನಿ ನೋಡಾಕ ಬರ್ತಾರ, ಮ್ಯಾಲೆ ಮಂಜೂರಾಗಬೇಕು."

"ಎಷ್ಟು ದಿನ ಆಕ್ಕೈತ್ರಿ?"

"ಖರೆ ಹೇಳ್ಬೇಕಂದ್ರ ಎರಡ್ಮೂರು ತಿಂಗಳು."

ಅರ್ಜಿಯ ಕೆಳಗೆ ಹೆಸರು ತೆಗೆಯುವವರ ಸಹಿ ಬೇಕಿತ್ತು. ನೀಲಕಂಠ ಸಹಿ ಮಾಡಿದ. ಕಾರಣ ಎಂಬಲ್ಲಿ 'ಕುಟುಂಬದಿಂದ ಪ್ರತ್ಯೇಕ' ಎಂದು ಗುಮಾಸ್ತನೇ ಬರೆದ. ಅಂದಾನೆಪ್ಪ ಆ ಹೊತ್ತಿಗೆ ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತಿದ್ದ.

ಕಾರಿನಲ್ಲಿ ಬನಹಟ್ಟಿಗೆ ಬಿಡುವಾಗ ನೀಲಕಂಠ, "ಅಣ್ಣಾ, ನೀ ಚಿಂತಿ ಮಾಡಬ್ಯಾಡ. ನಾ ಅದೇನಿ" ಅಂದ. ಅಂದಾನೆಪ್ಪ ಹೂಂ ಅಂದ. ಆ ಮಾತು ಹೇಳುವಾಗ ನೀಲಕಂಠನಿಗೆ ಅದು ಸುಳ್ಳು ಅನ್ನಿಸಿರಲಿಲ್ಲ. ಇಷ್ಟು ವರ್ಷ ಇಷ್ಟು ಗಳಿಸಿದವನಿಗೆ ಎರಡೂವರೆ ಲಕ್ಷ ಎಲ್ಲಾದರೂ ಹುಟ್ಟಲೇಬೇಕಲ್ಲ!

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ನಂದಾಳಿಗೆ ಎಲ್ಲ ಹೇಳಿದ. ಅವಳು ಮೊದಲು ಕೇಳಿದ್ದು ಬೇರೆಯದೇ.

"ಇಪ್ಪತ್ತೆರಡು ವರ್ಷದಿಂದ ನಿಮ್ಮ ಹೆಸರು ಅಲ್ಲೇ ಐತಿ? ಹೆಬ್ಬೆಟ್ಟು ಒತ್ತಿ ಬರುವಾಗ ನಿಮಗರ ತಿಳೀಬಾರದೇನ್ರಿ? ಟ್ಯಾಕ್ಸ್ ಕಟ್ಟಾವ್ರು ನೀವು."

"ತಿಳೀಲಿಲ್ಲ."

"ನಿಮ್ಮ ಹೆಸರಿನಿಂದ ಮಹಾದೇವಿ ವೈನಿಗೆ..." ಎಂದವಳು ಗಂಡನ ಮುಖ ನೋಡಿ ಅಲ್ಲಿಗೇ ಬಿಟ್ಟಳು. ಬಸಿಗೆ ಚಹಾ ಸುರಿದುಕೊಂಡು, "ನಾ ಬ್ಯಾಡ ಅನ್ನಾಕತ್ತಿಲ್ಲ ಮತ್ತ. ಕೊಡಲೇಬೇಕು. ಎಲ್ಲಿಂದ ತಗೀತೀರಿ, ಅದನ್ನ ಹೇಳ್ರಿ" ಅಂದಳು.

"ನಿನ್ನ ಬಂಗಾರದ ಬಿಲ್ವಾರ?"

"ಬಿಲ್ವಾರ ಬ್ಯಾಂಕಿನ್ಯಾಗ ಅದಾವ. ಸುಪ್ರೀತಾನ ಎರಡನೇ ವರ್ಷದ ಫೀ ಕಟ್ಟುವಾಗ ನೀವ ಇಟ್ಟು ಬಂದೀರಿ, ಮರತ್ರೇನು? ಬಿಡಿಸೀವೇನು ಇನ್ನೂ?" ಅವಳ ದನಿ ಏರಲಿಲ್ಲ. ಬಸಿಯಲ್ಲಿನ ಚಹಾ ಆರಿಹೋಗಿತ್ತು. "ನಮ್ಮ ಸಾಲ್ಯಾಗ ಅಡಿಗಿ ಮಾಡಾಕಿ ಚೀಟಿ ಎತ್ತ್ಯಾಳ. ಆಕಿ ಕಡೆ ಇವತ್ತು ಇಪ್ಪತ್ತು ಸಾವಿರ ಕೈಯಾಗ ಐತಿ. ನನ್ನ ಕಡೆ ಇಲ್ಲ. ನಾ ಯಾರ ಮುಂದ ಹೇಳಲಿ ಇದನ್ನ? ಹೇಳಿದ್ರ ನಂಬೋರು ಯಾರು?"

ಸೋಮವಾರ ನೀಲಕಂಠ ಎರಡು ತಾಸು ಸೂಟಿ ಪಡೆದು ಬ್ಯಾಂಕಿಗೆ ಹೋದ. ಮ್ಯಾನೇಜರು ಎಳೆಯ ಹುಡುಗ, ಎದ್ದು ನಿಂತು ಕೈ ಕುಲುಕಿದ. ಚಹಾ ತರಿಸಿದ. ಆಮೇಲೆ ಕಂಪ್ಯೂಟರು ನೋಡಿ ಅವನ ಮುಖ ಸಣ್ಣದಾಯಿತು.

"ಪಗಾರ ಭಾಳ ಛಲೋ ಐತಿ ಸರ್. ಆದ್ರ ಕೈಗೆ ಬರೋದ್ರಾಗ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗಾಕತ್ತೇತಿ. ಮನಿ, ಕಾರು, ಎಜುಕೇಶನ್ ಲೋನು, ಬಂಗಾರ. ಇನ್ನೊಂದು ಹಾಕಿದ್ರ ಸಿಸ್ಟಮ್ಮೇ ತಗೊಳ್ಳೂದಿಲ್ರಿ."

"ಕಾರು ಮಾರಿದ್ರ?"

"ಮಾರ್ರಿ ಸರ್. ಆದ್ರ ಅದರ ಮ್ಯಾಲ ಉಳದ ಸಾಲ ಅದರ ರೇಟಿಗಿಂತ ಹೆಚ್ಚೈತಿ." ಹುಡುಗ ತಾನೇ ತಪ್ಪು ಮಾಡಿದವನಂತೆ ತಲೆ ಕೆರೆದುಕೊಂಡ. "ನಿಮ್ಮಂತಾವ್ರಿಗೇ ಹಿಂಗಾದ್ರ ಹ್ಯಾಂಗ್ರಿ ಸರ್."

ಪಿಎಫ್‌ನಲ್ಲಿ ಹಣವಿತ್ತು. ಕಾಯಿಲೆಗೆ ತೆಗೆಯಬಹುದೆಂದು ನೀಲಕಂಠನಿಗೆ ಗೊತ್ತಿತ್ತು. ಕಾರ್ಖಾನೆಯ ಆಫೀಸಿನಲ್ಲಿ ಕೂತು ಅರ್ಜಿಯನ್ನು ತೆರೆದ. ಯಾರ ಕಾಯಿಲೆಗೆ ಎಂಬಲ್ಲಿ ಆಯ್ಕೆಗಳಿದ್ದವು. ತನ್ನದು, ಹೆಂಡತಿಯದು, ಮಕ್ಕಳದು, ತಂದೆ ತಾಯಿಯದು. ತಂದೆ ತಾಯಿ ಇಬ್ಬರೂ ಹೋಗಿ ವರ್ಷಗಳಾಗಿದ್ದವು. ಅವನನ್ನು ಕಾಲೇಜಿಗೆ ಕಳಿಸುವ ಹೊತ್ತಿಗೆ ದಿನಾ ಎರಡು ರೊಟ್ಟಿ ಜಾಸ್ತಿ ಬಡಿದ ವೈನಿಗೆ ಅಲ್ಲಿ ಜಾಗವಿರಲಿಲ್ಲ. ಪಕ್ಕದಲ್ಲಿದ್ದವರು, "ನಿಮ್ಮದ ಕಾಯಿಲಿ ಅಂತ ಒತ್ತಿಬಿಡ್ರಿ ಸರ್, ಯಾರು ನೋಡ್ತಾರ" ಅಂದರು. ಅವನ ಬೆರಳು ಮೌಸಿನ ಮೇಲೆ ಇದ್ದು ಇದ್ದು, ಕೊನೆಗೆ ಪುಟ ಮುಚ್ಚಿದ. ಇಡೀ ಲ್ಯಾಬಿನ ಲೆಕ್ಕಕ್ಕೆ ಸಹಿ ಹಾಕುವವನು ಒಂದು ಸುಳ್ಳು ಬರೆಯಲಾರದೆ ಹೋದದ್ದು ಒಳ್ಳೆಯತನವೋ ಅಂಜಿಕೆಯೋ ಅವನಿಗೇ ತಿಳಿಯಲಿಲ್ಲ.

ಕಾರ್ಖಾನೆಯವರು ಪಗಾರದ ಮೇಲೆ ಐವತ್ತು ಸಾವಿರ ಮುಂಗಡ ಕೊಟ್ಟರು. ಬೀಳಗಿಯಲ್ಲಿದ್ದ ಕಾಲೇಜು ದಿನಗಳ ಗೆಳೆಯ ಇಪ್ಪತ್ತು ಸಾವಿರ ಕಳಿಸಿದ, ಕಳಿಸುವಾಗ, "ನೀ ನನಗ ಕೇಳತೀಯಂದ್ರ ಚಾಷ್ಟಿ ಅಂತ ತಿಳಕೊಂಡಿದ್ದೆ" ಅಂದ. ಉಳಿದವರ ಹತ್ತಿರ ಕೇಳಲು ಹೋದಾಗಲೆಲ್ಲ ಅದೇ ಆಯಿತು. ಒಬ್ಬರು ನಕ್ಕರು. ಒಬ್ಬರು ತಿರುಗಿ ಅವನ ಹತ್ತಿರವೇ ಹತ್ತು ಸಾವಿರ ಕೇಳಿದರು. ಹೀಗೆ ಎರಡು ವಾರ ಹೋದವು.

ಮುಂದಿನ ರವಿವಾರ ಎಪ್ಪತ್ತು ಸಾವಿರ ಲಕೋಟೆಯಲ್ಲಿ ಹಾಕಿಕೊಂಡು ನೀಲಕಂಠ ಬನಹಟ್ಟಿಗೆ ಹೋದ. ಓಣಿಯ ಉಳಿದ ಮನೆಗಳಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಅಣ್ಣನ ಮನೆಯಿಂದ ಬರುತ್ತಿರಲಿಲ್ಲ. ಆ ಮನೆಯ ಕರೆಂಟಷ್ಟೇ ಹೋಗಿರಬೇಕೆಂದು ಎಣಿಸುತ್ತ ಅವನು ಹೊಸ್ತಿಲು ದಾಟಿದ.

ಶೆಡ್ಡು ಖಾಲಿಯಾಗಿತ್ತು. ನಾಲ್ಕು ಮಗ್ಗಗಳು ನಿಂತಿದ್ದ ಕಡೆ ನೆಲದಲ್ಲಿ ಕಪ್ಪು ಎಣ್ಣೆಯ ಕಲೆ, ಮುರಿದ ಸಿಮೆಂಟು, ಒಂದೆರಡು ಬೋಲ್ಟು. ಅಂದಾನೆಪ್ಪ ಮೂಲೆಯಲ್ಲಿ ಕಸಬರಿಗೆ ಹಿಡಿದು ನೂಲಿನ ದೂಳು ಗುಡಿಸುತ್ತಿದ್ದ.

"ಎಲ್ಲಿ ಹೋದ್ವು ಅಣ್ಣಾ?"

"ರಬಕವಿಯವ್ರು ಒಯ್ದ್ರು. ನಾಲ್ಕೂ ಕೂಡಿ ಮೋಟರ್ ಸಹಿತ. ಒಂದು ಲಕ್ಷ ಎಂಬತ್ತು ಬಂತು ನೋಡು, ಕಮ್ಮಿ ಏನಲ್ಲ. ಹಳೇ ಮಗ್ಗ ಅವು."

"ನನಗೊಂದು ಮಾತು ಹೇಳಬಾರದೇನು? ನಾ ಕೊಡ್ತೇನಿ ಅಂದಿದ್ನಲ್ಲ!"

ಅಂದಾನೆಪ್ಪ ಕಸಬರಿಗೆಯನ್ನು ಗೋಡೆಗೆ ಆನಿಸಿದ. "ಹದಿನೈದು ದಿನ ಹಾದಿ ನೋಡಿದೆ ತಮ್ಮಾ," ಎಂದ. ಸಿಟ್ಟಿನಿಂದ ಅಂದದ್ದಲ್ಲ. ಅದನ್ನೇ ನೀಲಕಂಠನಿಗೆ ತಡೆಯಲಾಗಲಿಲ್ಲ. ಅಣ್ಣ ಎರಡು ಬೈದಿದ್ದರೆ ಅವನು ಬ್ಯಾಂಕಿನ ಮಾತು, ಬಿಲ್ವಾರದ ಮಾತು, ಎಲ್ಲ ಹೇಳಿಬಿಡುತ್ತಿದ್ದ. ಈಗ ಹೇಳಿದರೆ ನೆಪ ಹೇಳಿದಂತೆ ಕೇಳಿಸುತ್ತಿತ್ತು. ಲಕೋಟೆಯನ್ನು ಮುಂದೆ ಮಾಡಿದ. ಅಂದಾನೆಪ್ಪ ಬಿಚ್ಚಿ ನೋಡದೆ ತೆಗೆದುಕೊಂಡು, "ಇನ್ನ ಸಾಕಾತು ಬಿಡು, ಮ್ಯಾಲಿನ ಖರ್ಚಿಗೂ ಆಕ್ಕೈತಿ" ಎಂದ.

ಒಳಗೆ ಮಹಾದೇವಿ ದಿಂಬಿಗೆ ಒರಗಿ ಕೂತಿದ್ದಳು. ಕಾಲು ಬಾತಿದ್ದವು. ಮೈದುನನನ್ನು ನೋಡಿ, "ಬಾರಪಾ, ಚಹಾ ಕುಡೀತೀಯೇನು?" ಎಂದು ಜೋರಾಗಿ ಕೂಗಿ ಕೇಳಿದಳು. ಕೇಳಿದವಳೇ ನಾಚಿಕೊಂಡಳು. "ಮೂವತ್ತು ವರ್ಷ ಮಗ್ಗದ ಸಪ್ಪಳದಾಗ ಒದರಿ ಒದರಿ ರೂಢಿ ಆಗೇತಿ. ಈಗ ಮನಿ ಸುಮ್ಮಕ ಐತಿ, ನಾವು ಮಾತ್ರ ಇನ್ನೂ ಒದರಾಕತ್ತೇವಿ."

ನೀಲಕಂಠ ನಗಲು ನೋಡಿದ. "ವೈನಿ, ನನ್ನಿಂದ ಆತು ಇದು" ಅಂದ.

"ನಿನ್ನಿಂದ ಏನಾತು? ಹೆಸರು ತಗಸದ ಬಿಟ್ಟಾವ್ರು ನಾವು" ಅಂದಳು ಮಹಾದೇವಿ. ಅಷ್ಟಕ್ಕೇ ಅವಳಿಗೆ ದಮ್ಮು ಬಂತು, ಮತ್ತೆ ದಿಂಬಿಗೆ ಒರಗಿದಳು.

ಡಿಸೆಂಬರಿನ ಎರಡನೆಯ ವಾರ ಆಪರೇಷನ್ ಆಯಿತು. ಬೆಳಿಗ್ಗೆ ಒಳಗೆ ಒಯ್ದವರು ಮಧ್ಯಾಹ್ನ ದಾಟಿದರೂ ಹೊರಗೆ ಬಂದಿರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಅಂದಾನೆಪ್ಪ, ಶುಭಂ, ಮಹಾದೇವಿಯ ಅಣ್ಣ ನಿಂಗಣ್ಣ ಕೂತಿದ್ದರು. ನೀಲಕಂಠ ಕಾರು ನಿಲ್ಲಿಸಿ, ಎಳನೀರು ಹಿಡಿದು ಬಂದಾಗ ನಿಂಗಣ್ಣ ತೇರದಾಳದಿಂದ ಬಂದ ಯಾರಿಗೋ ಹೇಳುತ್ತಿದ್ದ. ಬೆನ್ನು ಈ ಕಡೆ ಇತ್ತು.

"ಲಕ್ಷಗಟ್ಟಲೆ ಪಗಾರ ಎಣಿಸೋ ಮೈದುನ ಅದಾನ. ಇದ್ದೂ ಏನಾತು, ಮಗ್ಗ ಮಾರಬೇಕಾತಲ್ಲ ನನ್ನ ತಂಗಿ ಜೀವಕ್ಕ. ಮೋಟರ್ನ್ಯಾಗ ಬಂದು ಎಳನೀರು ಕೊಟ್ಟು ಹೋಗ್ತಾರ ಇವ್ರು."

ಅಂದಾನೆಪ್ಪ ತಮ್ಮನನ್ನು ನೋಡಿದ್ದ. ನಿಂಗಣ್ಣನ ತೊಡೆಯನ್ನು ಮೆಲ್ಲಗೆ ತಟ್ಟಿ, "ಸುಮ್ನಿರೋ" ಅಂದ. ಅದಕ್ಕಿಂತ ಹೆಚ್ಚು ಹೇಳಲು ಅವನಿಗಾದರೂ ಏನು ಗೊತ್ತಿತ್ತು? ತಮ್ಮನ ಮನೆಯ ಕಂತುಗಳು ಅವನಿಗೆ ಗೊತ್ತಿರಲಿಲ್ಲ. ತಮ್ಮ ಎಂದೂ ಹೇಳಿಕೊಂಡಿರಲಿಲ್ಲ. ಬನಹಟ್ಟಿಗೆ ಬರುವಾಗ ಇಸ್ತ್ರಿ ಅಂಗಿ ಹಾಕಿಕೊಂಡು, ಮಕ್ಕಳಿಗೆ ಪೇಡೆಯ ಪೊಟ್ಟಣ ತಂದು, ಎಲ್ಲರ ಮದುವೆಗೆ ಎಲ್ಲರಿಗಿಂತ ದೊಡ್ಡ ಆಯೇರಿ ಮಾಡುತ್ತ ಬಂದವನು ಅವನೇ. ಓಣಿ ಕಂಡದ್ದನ್ನೇ ನಂಬಿತ್ತು.

ನೀಲಕಂಠ ಎಳನೀರನ್ನು ಬೆಂಚಿನ ತುದಿಗೆ ಇಟ್ಟ. ಜೇಬಿನಿಂದ ಫೋನು ತೆಗೆದ. ಅದರಲ್ಲಿ ಆ ತಿಂಗಳ ಪಗಾರದ ಚೀಟಿ ಇತ್ತು, ಬ್ಯಾಂಕಿನ ಲೆಕ್ಕವೂ ಇತ್ತು. ನಿಂಗಣ್ಣನ ಮುಂದೆ ಹಿಡಿದು, ನೋಡಪ್ಪಾ, ಎಷ್ಟು ಉಳಿದಿದೆ ನೀನೇ ಓದು ಅನ್ನಬೇಕೆಂದು ಮನಸ್ಸು ಹೇಳಿತು. ಖಾತೆಯಲ್ಲಿ ಮೂರು ಸಾವಿರದ ಚಿಲ್ಲರೆ ಇತ್ತು. ಆದರೆ ಅದಕ್ಕೆ ನಿಂಗಣ್ಣ ಏನನ್ನಬಹುದು ಎಂಬುದೂ ಅವನಿಗೆ ಹೊಳೆಯಿತು. ಮನೆ ಯಾಕೆ ಅಷ್ಟು ದೊಡ್ಡದು ಕಟ್ಟಿಸಿದಿರಿ, ಮಗಳನ್ನು ಅಷ್ಟು ರೊಕ್ಕ ಕೊಟ್ಟು ಯಾಕೆ ಓದಿಸುತ್ತೀರಿ. ಫೋನನ್ನು ಮತ್ತೆ ಜೇಬಿಗೆ ಹಾಕಿದ. ನಾಲ್ಕು ಗಂಟೆಗೆ ಡಾಕ್ಟರು ಹೊರಗೆ ಬಂದು ಎಲ್ಲ ಚೆನ್ನಾಗಿ ಆಯಿತು ಅಂದರು. ಎಲ್ಲರೂ ಎದ್ದು ಕೈ ಮುಗಿದರು. ನೀಲಕಂಠನೂ ಮುಗಿದ.

ಫೆಬ್ರುವರಿಯಲ್ಲಿ ಹೊಸ ಕಾರ್ಡು ಬಂತು. ಬಿಪಿಎಲ್ಲು, ನಾಲ್ಕು ಹೆಸರು. ಅಷ್ಟರಲ್ಲಿ ಮಹಾದೇವಿ ಮನೆಯೊಳಗೆ ಅಡ್ಡಾಡುವಷ್ಟಾಗಿದ್ದಳು. ಆಸ್ಪತ್ರೆಗೆ ಕಟ್ಟಿದ್ದನ್ನು ಹಿಂದಕ್ಕೆ ಕೇಳಲು ಬರುತ್ತದೆಯೇ ಎಂದು ನೀಲಕಂಠ ಫೋನಿನಲ್ಲಿ ಆ ಗುಮಾಸ್ತನನ್ನು ವಿಚಾರಿಸಿದ. ಬರುವುದಿಲ್ಲ ಅಂದ ಅವನು, ಬಹಳ ಬೇಸರದಿಂದಲೇ ಅಂದ.

ಐವತ್ತೇಳು ವರ್ಷದ ಅಂದಾನೆಪ್ಪ ಈಗ ರಬಕವಿಯಲ್ಲಿ ಇನ್ನೊಬ್ಬರ ಶೆಡ್ಡಿನಲ್ಲಿ ದಿನಗೂಲಿಗೆ ನೇಯುತ್ತಾನೆ. ಅವನ ನಾಲ್ಕು ಮಗ್ಗಗಳಲ್ಲಿ ಎರಡು ಅದೇ ಶೆಡ್ಡಿನಲ್ಲಿವೆ. ಶುಭಂ ಕೂಡ ಅವನ ಜೊತೆ ಹೋಗುತ್ತಾನೆ. ನೀಲಕಂಠ ತಿಂಗಳಿಗೆ ನಾಲ್ಕು ಸಾವಿರ ಕಳಿಸುತ್ತೇನೆ ಅಂದು ಎರಡು ತಿಂಗಳು ಕಳಿಸಿದ. ಮಾರ್ಚಿನಲ್ಲಿ ವರ್ಷದ ಟ್ಯಾಕ್ಸಿನ ಬಾಕಿಯೆಲ್ಲ ಒಮ್ಮೆಲೆ ಹಿಡಿದಾಗ ಪಗಾರ ಕಂತಿಗೂ ಸಾಲಲಿಲ್ಲ. ಆ ತಿಂಗಳು ಕಳಿಸಲಾಗಲಿಲ್ಲ. ಅದನ್ನು ಫೋನಿನಲ್ಲಿ ಹೇಳಲು ಬಾಯಿ ಬಾರದೆ ಒಂದು ದಿನ ಮಧ್ಯಾಹ್ನ ಕಾರ್ಖಾನೆಯಿಂದ ನೇರ ರಬಕವಿಗೆ ಹೋದ.

ಶೆಡ್ಡಿನಲ್ಲಿ ಹನ್ನೆರಡು ಮಗ್ಗಗಳು ಒಟ್ಟಿಗೆ ಓಡುತ್ತಿದ್ದವು. ಒಳಗಿನ ಗದ್ದಲಕ್ಕೆ ಎದೆ ನಡುಗುತ್ತಿತ್ತು. ಅಂದಾನೆಪ್ಪ ಕಡೆಯ ಸಾಲಿನಲ್ಲಿ ಎರಡು ಮಗ್ಗಗಳ ನಡುವೆ ನಿಂತು ಹರಿದ ಎಳೆಯೊಂದನ್ನು ಕೂಡಿಸುತ್ತಿದ್ದ. ತಲೆಯ ಮೇಲೆ, ಹುಬ್ಬಿನ ಮೇಲೆ ನೂಲಿನ ಬಿಳಿ ದೂಳು. ತಮ್ಮನನ್ನು ಬಾಗಿಲಲ್ಲಿ ಕಂಡು ನಕ್ಕ, ಕೈ ಎತ್ತಿ ಸ್ವಲ್ಪ ನಿಲ್ಲು ಎಂಬಂತೆ ಸನ್ನೆ ಮಾಡಿದ.

"ಅಣ್ಣಾ, ಈ ತಿಂಗಳ ಆಗಲಿಲ್ಲ!" ನೀಲಕಂಠ ಅಲ್ಲಿಂದಲೇ ಕೂಗಿ ಹೇಳಿದ.

ಅಂದಾನೆಪ್ಪ ಕೇಳಿಸದೆ ಕಿವಿಗೆ ಕೈ ಹಚ್ಚಿದ. ನೀಲಕಂಠ ಇನ್ನೊಮ್ಮೆ ಕೂಗಿದ. ಅಂದಾನೆಪ್ಪ ಏನು ತಿಳಿದನೋ, ಹೂಂ ಹೂಂ ಎಂದು ತಲೆ ಅಲ್ಲಾಡಿಸಿ, ಊಟ ಆಯಿತೇ ಎಂದು ಬೆರಳುಗಳನ್ನು ಬಾಯಿಯ ಕಡೆ ಒಯ್ದು ಕೇಳಿದ. ಅಷ್ಟರಲ್ಲಿ ಪಕ್ಕದ ಮಗ್ಗದಲ್ಲಿ ಎಳೆ ಹರಿಯಿತು. ಅವನು ಆ ಕಡೆ ತಿರುಗಿದ.